ಅತ್ತೆ ತೊಲೆ ಏರಿದ್ದು

ನಮ್ಮೂರಿನಲ್ಲಿ ಹಗುರ ಜ್ವರ ಮೊದಲು ಹಿಡಿದದ್ದು ಪುರಸಭೆಯ ಅಧ್ಯಕ್ಷರನ್ನು. ಹೊಸ ನೀರಿನ ಟ್ಯಾಂಕಿನ ಉದ್ಘಾಟನೆಗೆ ಬಂದವರು ಭಾಷಣ ಮಾಡುತ್ತಾ ಮಾಡುತ್ತಾ ಮೈಕಿನಿಂದ ಒಂದು ಮೊಳ ಮೇಲಕ್ಕೆ ಹೋದರು. ಜನ ಚಪ್ಪಾಳೆ ತಟ್ಟಿದರು. ಅವರು ಇನ್ನೂ ಮೇಲೆ ಹೋಗಿ ಶಾಮಿಯಾನದ ಬಟ್ಟೆಗೆ ಬೆನ್ನು ಹಚ್ಚಿಕೊಂಡು, "ಯಾರಾದ್ರೂ ಇಳಿಸ್ರಪ್ಪಾ" ಎಂದು ಕೂಗಿದಾಗಲೇ ಇದು ಕಾರ್ಯಕ್ರಮದಲ್ಲಿ ಇಲ್ಲದ ಸಂಗತಿ ಎಂದು ನಮಗೆಲ್ಲ ಹೊಳೆದದ್ದು. ಅವರನ್ನು ಕಾಲು ಹಿಡಿದು ಇಳಿಸಿದ ಇಬ್ಬರಿಗೂ ಮುಂದಿನ ವಾರ ಜ್ವರ ಬಂತು. ಅಲ್ಲಿಂದ ಮುಂದೆ ಬೀದಿಗೆ ಎರಡು ಮನೆಯಂತೆ ಹಬ್ಬಿತು.

ಜ್ವರ ದೊಡ್ಡದೇನಲ್ಲ. ಒಂದೆರಡು ದಿನ ಮೈ ಬಿಸಿ, ಬಾಯಿ ಕಹಿ. ಆಮೇಲೆ ಮೈಯ ಭಾರ ಹೊರಟುಹೋಗುತ್ತದೆ, ಆಳು ಸೂರಿಗೆ ಹೋಗಿ ತಾಗುತ್ತಾನೆ. ಭಾರ ಯಾವಾಗ ವಾಪಸ್ ಬರುತ್ತದೆ ಎಂದು ಹೇಳುವ ಡಾಕ್ಟರು ಯಾರೂ ಸಿಗಲಿಲ್ಲ. ಬಂದಾಗ ಒಮ್ಮೆಲೇ ಬರುತ್ತಿತ್ತು. ಹಾಗಾಗಿ ಊರಿನ ಎಲ್ಲ ಮನೆಗಳಲ್ಲೂ ನೆಲದ ತುಂಬ ಹಾಸಿಗೆ ಬಿದ್ದವು. ರೇಷನ್ ಅಂಗಡಿಯಲ್ಲಿ ಅಕ್ಕಿಯ ಜೊತೆ ಮರಳಿನ ಚೀಲ ಕೊಡತೊಡಗಿದರು. ಬೆಳಕಿಂಡಿಗಳಿಗೆ ಬಲೆ ಬಂತು. ದಿನಾ ಬೆಳಿಗ್ಗೆ ಒಂದು ಆಟೋ ಮೈಕು ಕಟ್ಟಿಕೊಂಡು, ಹಗುರಾದವರನ್ನು ಬಯಲಿಗೆ ತರಬೇಡಿ, ಹಗುರಾದವರನ್ನು ಬಯಲಿಗೆ ತರಬೇಡಿ, ಎಂದು ಸಾರುತ್ತಾ ಹೋಗುತ್ತಿತ್ತು. ಇದಕ್ಕೆ ಕಾರಣವಿತ್ತು. ಸೈಕಲ್ ಶಾಪಿನ ಬೋರಯ್ಯ ಹಲ್ಲುಜ್ಜಲು ಹಿತ್ತಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅವನ ಹೆಂಡತಿ ಬಟ್ಟೆ ಒಣಹಾಕುವಾಗ ತಂತಿಯನ್ನು ನೋಡುವುದೇ ಇಲ್ಲ, ಆಕಾಶ ನೋಡುತ್ತಾಳೆ ಎಂದು ಜನ ಹೇಳುತ್ತಿದ್ದರು.

ನಾನು ಲಾರಿ ಓಡಿಸುವವನು. ಊರಿನ ಗಡಿ ಮುಚ್ಚಿದ ದಿನ ಲಾರಿ ಪೆಟ್ರೋಲ್ ಬಂಕಿನ ಹಿಂದೆ ನಿಂತಿತು, ನಾನು ಮನೆಯಲ್ಲಿ ಕೂತೆ. ನನ್ನ ಹೆಂಡತಿ ಕುಸುಮ ನರ್ಸು. ಮಂಡಿಯ ದೊಡ್ಡ ಗೋದಾಮಿನ ಸೂರು ಎತ್ತರ ಎಂದು ಅದನ್ನೇ ಜ್ವರದ ಆಸ್ಪತ್ರೆ ಮಾಡಿ, ಒಳಗೆ ಮೀನಿನ ಬಲೆ ಬಿಗಿದು, ಒಳಹೋದ ನರ್ಸುಗಳು ಜ್ವರ ಇಳಿಯುವವರೆಗೆ ಹೊರಗೆ ಬರುವಂತಿಲ್ಲ ಎಂದು ಆರ್ಡರ್ ಮಾಡಿದರು. ಕುಸುಮ ಬಟ್ಟೆಯ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು.

"ರೀ, ಅವ್ವನ್ನ ನೋಡ್ಕೋತೀರಾ?"

"ಇಪ್ಪತ್ತು ಟನ್ ಲೋಡ್ ನೋಡ್ಕೊಳ್ಳೋನು ಅತ್ತೇನ ನೋಡ್ಕೊಳ್ಳಲ್ವಾ?"

"ಲೋಡ್ ಮಾತಾಡಲ್ಲ ಕಣ್ರೀ. ಅವ್ವ ಮಾತಾಡ್ತಾಳೆ."

ಅವಳು ಹೇಳಿದ್ದು ತಪ್ಪು. ಅತ್ತೆ ನನ್ನೊಂದಿಗೆ ಮಾತಾಡುತ್ತಲೇ ಇರಲಿಲ್ಲ. ಸಿದ್ದಗಂಗಮ್ಮನವರು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿ ಮಗಳನ್ನು ಓದಿಸಿದವರು. ಮೂರು ವರ್ಷದ ಕೆಳಗೆ ಲಕ್ವ ಹೊಡೆದು ಎಡಗಡೆ ಪೂರಾ ಬಿದ್ದುಹೋಗಿ ನಮ್ಮ ಮನೆಗೆ ಬಂದರು. ನಾಲಿಗೆಗೆ ಏನೂ ಆಗಿರಲಿಲ್ಲ. ಆದರೆ ಅಳಿಯನ ಮುಖ ನೋಡಿ ಮಾತಾಡಬಾರದು ಎಂಬ ಅವರ ಕಾಲದ ಪದ್ಧತಿಗೂ ಏನೂ ಆಗಿರಲಿಲ್ಲ. ನನಗೆ ಹೇಳಬೇಕಾದದ್ದನ್ನೆಲ್ಲ ಕುಸುಮನಿಗೆ ಹೇಳುತ್ತಿದ್ದರು. ಈಗ ಕುಸುಮ ಇಲ್ಲ. ಹಗಲಿನಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ಮಂಗಳಮ್ಮನ ಮನೆಯಲ್ಲೇ ಇಬ್ಬರು ಸೂರು ಸೇರಿದ್ದರಿಂದ ಅವಳೂ ಇಲ್ಲ. ಅತ್ತೆ ಗೋಡೆ ಗಡಿಯಾರವನ್ನು ಹಿಡಿದುಕೊಂಡರು.

"ಅಳಿಯಂದಿರಿಗೆ ಕಾಫಿಗೆ ಸಕ್ಕರೆ ಕಮ್ಮಿ ಹಾಕೋಕೆ ಹೇಳು," ಎನ್ನುತ್ತಿದ್ದರು ಗಡಿಯಾರಕ್ಕೆ. "ಕಿಟಕಿ ತೆಗೆದು ಹೋಗೋಕೆ ಹೇಳು."

ನಾನೂ ಗಡಿಯಾರಕ್ಕೇ ಉತ್ತರ ಕೊಡುತ್ತಿದ್ದೆ. ಈ ಏರ್ಪಾಡು ಚೆನ್ನಾಗಿಯೇ ಇತ್ತು. ತೊಂದರೆ ಬಂದದ್ದು ಬೆಡ್‌ಪ್ಯಾನಿನಿಂದ. ಅದನ್ನು ಗಡಿಯಾರದ ಮೂಲಕ ಕೇಳುವುದು ಅವರಿಗೆ ಆಗಲಿಲ್ಲ. ಮೊದಲ ದಿನ ಪಕ್ಕದ ಮನೆಯ ಜುಬೇದಾ ಆಪಾ ಬಂದು ಸಹಾಯ ಮಾಡಿದರು. ಅದರ ಮರುದಿನವೇ ಅವರ ಗಂಡ ಖಾದರ್ ಸಾಹೇಬರು ಹಗುರಾದರು, ಆಪಾ ಮನೆ ಬಿಟ್ಟು ಕದಲುವಂತಿರಲಿಲ್ಲ. ಅತ್ತೆ ಒಂದು ಉಪಾಯ ಮಾಡಿದರು. ನೀರು ಕುಡಿಯುವುದನ್ನೇ ಬಿಟ್ಟರು. ಕೊಟ್ಟ ಕಾಫಿ, ಮಜ್ಜಿಗೆ, ಗಂಜಿ ಎಲ್ಲ ಮಂಚದ ಪಕ್ಕದ ಕಿಟಕಿಯ ದೊಡ್ಡಪತ್ರೆ ಕುಂಡಕ್ಕೆ ಹೋಗುತ್ತಿತ್ತು. ಗಿಡ ಬಾಡಿದ್ದು ನೋಡಿ ನನಗೆ ಅನುಮಾನ ಬಂತು. ಆಮೇಲೆ ಅತ್ತೆಯ ತುಟಿ ನೋಡಿದೆ, ಅದು ಗಿಡಕ್ಕಿಂತ ಬಾಡಿತ್ತು. ಹೆದರಿ ಕುಸುಮನಿಗೆ ಫೋನ್ ಮಾಡಿದೆ.

"ಸ್ಪೀಕರ್ ಹಾಕಿ," ಎಂದಳು. "ಅವ್ವಾ, ನಾನಿಲ್ಲಿ ಗುರುತು ಪರಿಚಯ ಇಲ್ಲದೋರಿಗೆಲ್ಲ ಸೂರಿನ ಹತ್ರ ಏಣಿ ಹಾಕ್ಕೊಂಡು ಬೆಡ್‌ಪ್ಯಾನ್ ಇಡ್ತಿದ್ದೀನಿ. ನಿನಗೆ ಮನೆಯೋರ ಹತ್ರ ನಾಚಿಕೆನಾ?"

"ಅಳಿಯಂದಿರ ಕೈಲಿ ಆ ಕೆಲಸ ಮಾಡಿಸ್ಕೊಳ್ಳೋದಕ್ಕಿಂತ ಸಾಯೋದೇ ವಾಸಿ ಕಣೇ."

"ಸಾಯ್ತೀಯಾ, ಸರಿ. ಅದಕ್ಕೂ ಮುಂಚೆ ಒಂದು ಲೋಟ ನೀರು ಕುಡಿ."

ಕೊನೆಗೆ ಒಂದು ರಾಜಿಯಾಯಿತು. ನಾನು ಕಣ್ಣಿಗೆ ಟವೆಲು ಕಟ್ಟಿಕೊಳ್ಳಬೇಕು. ಕಟ್ಟಿಕೊಂಡು ಬೆಡ್‌ಪ್ಯಾನ್ ಹಿಡಿದು ಹೊರಟೆ. ಮೊದಲು ಸ್ಟೂಲಿಗೆ ಡಿಕ್ಕಿ ಹೊಡೆದೆ, ನೀರಿನ ಚೊಂಬು ಉರುಳಿಸಿದೆ, ಮಂಚದ ಕಾಲನ್ನು ಎಡವಿ ಅತ್ತೆಯ ದಿಂಬಿನ ಕೆಳಗೆ ಬೆಡ್‌ಪ್ಯಾನ್ ತಳ್ಳಲು ನೋಡಿದೆ.

"ಅದು ನನ್ನ ತಲೆ!" ಎಂದು ಅತ್ತೆ ಕೂಗಿದರು. "ಎಡಕ್ಕೆ ಬನ್ನಿ. ಇನ್ನೂ ಎಡಕ್ಕೆ. ಅಯ್ಯೋ ಶಿವನೇ, ಲಾರೀನೂ ಹಿಂಗೇ ರಿವರ್ಸ್ ತಗೋತೀರಾ?"

ನನ್ನ ಮದುವೆಯಾದ ಮೇಲೆ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಇಬ್ಬರಿಗೂ ನಗು ಬಂತು, ನಾವು ನಕ್ಕದ್ದಕ್ಕೆ ಅವರಿಗೆ ಸಿಟ್ಟೂ ಬಂತು. ಮರುದಿನ ಟವೆಲಿನ ಸುದ್ದಿ ಯಾರೂ ಎತ್ತಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು, ನಾನು ತೆರೆದುಕೊಂಡೆ.

ಕೆಲಸ ಕಲಿತೆ. ಮಗ್ಗುಲು ಬದಲಾಯಿಸುವುದು, ಬೆನ್ನು ಒರೆಸುವುದು, ಎಡಗೈಯ ಬೆರಳುಗಳನ್ನು ಬಿಡಿಸಿ ಎಣ್ಣೆ ಹಚ್ಚುವುದು. ಅತ್ತೆ ಸಣ್ಣ ಆಳಲ್ಲ. ಹಾಸ್ಟೆಲ್ಲಿನ ಹಂಡೆಗಳನ್ನು ಒಬ್ಬರೇ ಇಳಿಸುತ್ತಿದ್ದ ದೇಹ. ಅವರನ್ನು ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಕಟಕ್ಕೆಂದು ಹಿಡಿದುಕೊಳ್ಳುತ್ತಿತ್ತು. ಕುಸುಮ ಈ ಕೆಲಸವನ್ನು ಡ್ಯೂಟಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಮಾಡುತ್ತಿದ್ದಳು. ನಾನು ಆಗೆಲ್ಲ ಯಾವುದೋ ಊರಿನ ಡಾಬಾದಲ್ಲಿ ಊಟ ಮಾಡಿ ಮಲಗಿರುತ್ತಿದ್ದೆ.

ಒಂದು ಬೆಳಿಗ್ಗೆ ಕಾಫಿ ತಂದು ನೋಡುತ್ತೇನೆ, ಮಂಚ ಖಾಲಿ. ಎರಡು ದಿನದಿಂದ ಅವರಿಗೆ ಮೈ ಬಿಸಿಯಿತ್ತು, ಮಂಚಕ್ಕೆ ಕಟ್ಟಿಯೂ ಇದ್ದೆ. ಹಗ್ಗ ಹಾಸಿಗೆಯ ಮೇಲೆ ಸಡಿಲವಾಗಿ ಬಿದ್ದಿತ್ತು.

"ಕಿರುಚಬೇಡಿ," ಎಂದಿತು ಅತ್ತೆಯ ದನಿ. "ಮೇಲೆ ನೋಡಿ. ಬೇಡ, ನೋಡಬೇಡಿ! ಮೊದಲು ನಿಮ್ಮ ಪೈಜಾಮ ಒಂದು ಎಸೀರಿ."

ಸೀರೆಯ ಕಷ್ಟ ನನಗೆ ಆಗ ಅರ್ಥವಾಯಿತು. ನಾನು ತಲೆ ತಗ್ಗಿಸಿಕೊಂಡೇ ಪೈಜಾಮ ಎಸೆದೆ. ಒಂದೇ ಕೈಯಲ್ಲಿ ಅದನ್ನು ಹಾಕಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು, ನಡುವೆ ಎರಡು ಸಲ ಪೈಜಾಮ ನನ್ನ ತಲೆಯ ಮೇಲೆ ಬಿತ್ತು. ಕೊನೆಗೆ "ಹೂಂ, ಈಗ ನೋಡಿ" ಎಂದರು. ಅತ್ತೆ ತೊಲೆಗೆ ಬೆನ್ನು ಹಚ್ಚಿಕೊಂಡು, ಸೀರೆಯ ಕೆಳಗೆ ನನ್ನ ಪಟ್ಟೆಪಟ್ಟೆ ಪೈಜಾಮ ಹಾಕಿಕೊಂಡು, ಬಲಗೈಯಲ್ಲಿ ಜಂತೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ಸತ್ತುಹೋದ ಎಡಗಾಲು ಬಲಗಾಲಿನ ಪಕ್ಕದಲ್ಲಿ ಅದರಷ್ಟೇ ಸರಾಗವಾಗಿ ತೇಲುತ್ತಿತ್ತು. ಅವರು ಅದನ್ನು ನೋಡಿಕೊಂಡರು. ಜಂತೆಯನ್ನು ಮೆಲ್ಲಗೆ ಎಳೆದರು. ಮೈ ಒಂದು ಗೇಣು ಮುಂದೆ ಹೋಯಿತು. ಇನ್ನೊಂದು ಸಲ ಎಳೆದರು. ಈ ಸಲ ಒಂದು ಮೊಳ.

"ಅಳಿಯಂದ್ರೇ," ಎಂದರು, ದನಿ ಯಾಕೋ ತೆಳ್ಳಗಾಗಿತ್ತು, "ನಾನು ಹೋಗ್ತಿದ್ದೀನಿ."

"ಎಲ್ಲಿಗತ್ತೆ?"

"ಅಡುಗೆಮನೆಗೆ."

ನಮ್ಮದು ಬಾಡಿಗೆಯ ಹಳೆಯ ಮನೆ, ಒಳಗೋಡೆಗಳು ಸೂರಿನವರೆಗೆ ಹೋಗಿರಲಿಲ್ಲ. ಅತ್ತೆ ಗೋಡೆಯ ಮೇಲಿಂದ ಹಾಯ್ದು ಅಡುಗೆಮನೆಯೊಳಗೆ ಇಣುಕಿದರು. ಮೂರು ವರ್ಷದಿಂದ ಆ ಮನೆಯ ಅಡುಗೆ ಉಂಡಿದ್ದರು, ಅಡುಗೆಮನೆಯನ್ನು ಒಂದು ಸಲವೂ ನೋಡಿರಲಿಲ್ಲ. ನಾನು ಓಡಿಹೋಗಿ ಒಳಗೆ ನಿಲ್ಲುವಷ್ಟರಲ್ಲಿ ತನಿಖೆ ಶುರುವಾಗಿತ್ತು.

"ಎಣ್ಣೆ ಡಬ್ಬ ಒಲೆ ಪಕ್ಕದಲ್ಲಿ ಯಾರಾದ್ರೂ ಇಡ್ತಾರಾ? ಅಯ್ಯಯ್ಯೋ, ಕಪಾಟಿನ ಮೇಲೆ ಏನಿದು ಈ ಪಾಟಿ ಧೂಳು? ಇಲ್ಲಿ ಒಂದು ಹಲ್ಲಿ ಸತ್ತಿದೆ. ಸಂಸಾರ ಮಾಡಿದೆ ಪಾಪ, ಮೊಟ್ಟೆನೂ ಇದೆ. ಒಂದು ಪೊರಕೆ ಕೊಡಿ ಮೇಲೆ."

ಅಂದು ಊರಿನಲ್ಲಿ ನಮ್ಮ ಮನೆಯಷ್ಟು ಸ್ವಚ್ಛವಾದ ಸೂರು ಯಾವುದೂ ಇರಲಿಲ್ಲ. ಧೂಳೆಲ್ಲ ನನ್ನ ತಲೆಯ ಮೇಲಿತ್ತು. ಮರುದಿನದಿಂದ ಅಡುಗೆ ಅವರದೇ. ನಾನು ಒಲೆ ಹಚ್ಚಿ, ಅವರ ಸೊಂಟದ ಹಗ್ಗವನ್ನು ಒರಳಿನ ಗುಂಡುಕಲ್ಲಿಗೆ ಬಿಗಿದು ಬಿಟ್ಟರೆ, ಅವರು ಬಾವಲಿಯ ಹಾಗೆ ತಲೆಕೆಳಗಾಗಿ ಬಂದು ಸೌಟು ಆಡಿಸುತ್ತಿದ್ದರು. ಹುಳಿ ಕುದಿಯುವಾಗ ಅದರ ಹಬೆಗೆ ಸ್ವಲ್ಪ ಮೇಲೆ ಹೋಗುತ್ತಿದ್ದರು, ಒಲೆ ಸಣ್ಣಗೆ ಮಾಡಿದರೆ ಇಳಿಯುತ್ತಿದ್ದರು. ಸ್ನಾನ ಮಾಡಿಸುವುದು ಸೋರೆಕಾಯಿ ತೊಳೆದಷ್ಟು ಸುಲಭವಾಯಿತು. ಮಲಗಿ ಮಲಗಿ ಬೆನ್ನ ಮೇಲಾಗಿದ್ದ ಹುಣ್ಣು ಎರಡು ವಾರದಲ್ಲಿ ಮಾಯಿತು. ನನ್ನ ಸೊಂಟವೂ ನೆಟ್ಟಗಾಯಿತು. ಕಾಯಿಲೆ ಬಂದವರನ್ನು ನೋಡಿ ಇಷ್ಟು ಖುಷಿ ಪಡಬಹುದೋ ಎಂದು ನನಗೆ ಒಳಗೊಳಗೇ ಅಳುಕಿತ್ತು.

ಜುಬೇದಾ ಆಪಾ ಕಿಟಕಿಯಿಂದ ಕಿಟಕಿಗೆ ಮಾತಾಡುತ್ತಿದ್ದರು. ಖಾದರ್ ಸಾಹೇಬರಿಗೆ ಜ್ವರಕ್ಕೆ ಮುಂಚಿನಿಂದಲೂ ಮರೆವಿನ ರೋಗ, ಬಾಗಿಲು ತೆರೆದಿದ್ದರೆ ಎತ್ತಲಾದರೂ ನಡೆದುಬಿಡುತ್ತಿದ್ದರು. "ಮೊದಲು ಬಾಗಿಲಿಗೆ ಬೀಗ ಹಾಕ್ತಿದ್ದೆ ತಿಪ್ಪೇಶಣ್ಣ," ಎಂದರು ಆಪಾ, "ಈಗ ಮೇಲೆ ಹೋಗಿ ಮಲಗಿದ್ದಾರಲ್ಲ, ರೈಲಿನ ಅಪ್ಪರ್ ಬರ್ತ್ ಅಂದ್ಕೊಂಡಿದ್ದಾರೆ. ಯಾವ ಸ್ಟೇಷನ್ ಬಂತು ಅಂತ ಕೇಳ್ತಾರೆ. ನಮ್ಮದು ಇನ್ನೂ ದೂರ, ಇಳೀಬೇಡಿ ಅಂತೀನಿ. ಆರಾಮಾಗಿ ನಿದ್ದೆ ಮಾಡ್ತಾರೆ." ಆಪಾ ನಕ್ಕರು. ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡರು.

ಇಷ್ಟೆಲ್ಲ ಚೆನ್ನಾಗಿ ನಡೆದಿರುವಾಗ ಅತ್ತೆ ಒಂದು ದಿನ ಊಟದ ತಟ್ಟೆ ಕೆಳಗೆ ಬಿಟ್ಟರು. ಬೇಕಂತಲೇ ಬಿಟ್ಟದ್ದು.

"ನಾನು ಕುಸುಮನ್ನ ನೋಡ್ಬೇಕು."

"ಸಾಯಂಕಾಲ ಫೋನ್ ಮಾಡ್ತಾಳಲ್ಲತ್ತೆ."

"ಅವಳ ದನಿ ಸರಿಯಿಲ್ಲ. ಹಾಸ್ಟೆಲ್ನಲ್ಲಿ ಎಷ್ಟು ಹುಡುಗೀರ ದನಿ ಕೇಳಿಲ್ಲ ನಾನು. ಊಟ ಬಿಟ್ಟಿರೋ ದನಿ ನಂಗೊತ್ತಾಗುತ್ತೆ. ಕರ್ಕೊಂಡು ಹೋಗಿ."

"ಬಯಲಿಗೆ ಹೋಗಂಗಿಲ್ಲ. ಬೋರಯ್ಯನ ಕಥೆ ಗೊತ್ತಲ್ಲ?"

ಅತ್ತೆ ಜಂತೆ ಎಳೆದುಕೊಂಡು ನನ್ನ ನೆತ್ತಿಯ ನೇರಕ್ಕೇ ಬಂದರು. ಆಮೇಲೆ ಮೆಲ್ಲಗೆ, ನನ್ನ ಮುಖ ನೋಡಿಯೇ ಹೇಳಿದರು. "ಭಾರ ಬಂದ ಮೇಲೆ ನನ್ನನ್ನ ಎತ್ಕೊಂಡು ಹೋಗೋಕೆ ನಾಲ್ಕು ಜನ ಬೇಕು. ನಾಲ್ಕು ಜನ ಎತ್ಕೊಂಡು ಹೋಗೋದು ಹೆಣಾನ. ಈಗಾದ್ರೆ ಒಂದು ಹಗ್ಗ ಸಾಕು. ಮೂರು ವರ್ಷ ಆಯ್ತು ನಾನು ಹೊಸ್ತಿಲು ದಾಟಿ."

ತರಕಾರಿ ತಳ್ಳುಗಾಡಿಗಳಿಗೆ ಮಾತ್ರ ಓಡಾಡಲು ಬಿಡುತ್ತಿದ್ದರು. ಪರಿಚಯದವನೊಬ್ಬನ ಗಾಡಿ ಕೇಳಿ ತಂದೆ. ಮಧ್ಯಾಹ್ನ ಬಿಸಿಲಿಗೆ ಎಲೆಯೂ ಅಲ್ಲಾಡದ ಹೊತ್ತಿನಲ್ಲಿ ಅತ್ತೆಯನ್ನು ಗಾಡಿಯ ಮೇಲೆ ಮಲಗಿಸಿ, ಸೊಂಟಕ್ಕೆ, ತೋಳಿನ ಕೆಳಗೆ ಲಾರಿಯ ಹಗ್ಗ ಹಾಕಿ, ಮೇಲೆ ಟಾರ್ಪಾಲು ಬಿಗಿದೆ. ಅವರ ಎದೆಯ ಮೇಲೆ ಬುತ್ತಿಯ ಡಬ್ಬ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಬೆಳಿಗ್ಗೆ ಎದ್ದು ತಲೆಕೆಳಗಾಗಿ ತಟ್ಟಿದ್ದು.

ಮಂಡಿಯ ತಿರುವಿನಲ್ಲಿ ಒಬ್ಬ ಹೋಮ್‌ಗಾರ್ಡ್ ಲಾಠಿ ಅಡ್ಡ ಹಿಡಿದ. "ಏನಿದೆ ಗಾಡೀಲಿ?"

"ಹೂಕೋಸು."

"ಹೂಕೋಸು ಮೇಲಕ್ಕೆ ಯಾಕೆ ಉಬ್ಬಿದೆ?"

"ಬಿಸಿಲಲ್ವಾ ಸಾರ್, ಅರಳಿದೆ."

ಅಷ್ಟರಲ್ಲಿ ಹೂಕೋಸು ಸೀನಿತು. ಹೋಮ್‌ಗಾರ್ಡ್ ಟಾರ್ಪಾಲಿನ ಒಂದು ಮೂಲೆ ಎತ್ತಿ ನೋಡಿದ. ಅತ್ತೆ ಅವನನ್ನು ನೋಡಿ, ಸೆರಗು ತಲೆಗೆ ಎಳೆದುಕೊಂಡು, "ಮಗಳಿಗೆ ರೊಟ್ಟಿ ಕೊಟ್ಟು ಬಂದ್ಬಿಡ್ತೀವಪ್ಪಾ" ಎಂದರು. ಅವನು ಮೂಲೆಯನ್ನು ಮತ್ತೆ ಮುಚ್ಚಿದ. ಹಗ್ಗದ ಗಂಟನ್ನು ಎಳೆದು ನೋಡಿದ. "ನಮ್ಮನೇಲಿ ಅಪ್ಪ ಮೇಲಿದ್ದಾರೆ," ಎಂದ ನನಗೆ ಮಾತ್ರ ಕೇಳುವಂತೆ. "ಕೆಳಗಿದ್ದಾಗ ಬೈತಿದ್ರು, ಈಗ ಮೇಲಿಂದ ಬೈತಾರೆ. ಗಾಳಿ ಎದ್ದರೆ ನಿಲ್ಲಬೇಡಿ, ಓಡಿಬಂದ್ಬಿಡಿ."

ಗೋದಾಮಿನ ಹಿಂಭಾಗದ ಕಾಂಪೌಂಡ್ ಗೋಡೆ ಎರಡಾಳು ಎತ್ತರ. ಫೋನ್ ಮಾಡಿ ಕುಸುಮನನ್ನು ಹಿತ್ತಲಿಗೆ ಬರಹೇಳಿದೆ. ಟಾರ್ಪಾಲು ಬಿಚ್ಚಿ ಹಗ್ಗವನ್ನು ಮೊಳ ಮೊಳವಾಗಿ ಬಿಟ್ಟೆ. ಅತ್ತೆ ಗೋಡೆಯ ಮೇಲೆ ಬಾವುಟದಂತೆ ಎದ್ದರು. ಒಳಗಿಂದ ಕುಸುಮನ ಕಿರುಚಾಟ ಕೇಳಿತು.

"ಅವ್ವಾ! ನಿನಗೆ ಬುದ್ಧಿ ಇಲ್ವಾ? ರೀ, ನಿಮಗಾದ್ರೂ? ಯಾರ ಪೈಜಾಮ ಅದು?"

"ಊಟ ಮಾಡಿದೀಯಾ?" ಎಂದು ಕೇಳಿದರು ಅತ್ತೆ.

ಅತ್ತೆ ಡಬ್ಬವನ್ನು ಸೆರಗಿನ ತುದಿಗೆ ಕಟ್ಟಿ ಇಳಿಬಿಟ್ಟರು. ಗೋಡೆಯ ಈಚೆಗಿದ್ದ ನನಗೆ ಕುಸುಮ ಕಾಣುತ್ತಿರಲಿಲ್ಲ, ಅತ್ತೆಯ ಮುಖ ಮಾತ್ರ ಕಾಣುತ್ತಿತ್ತು. ಅದನ್ನು ನೋಡಿಯೇ ಒಳಗೆ ನಡೆಯುವುದೆಲ್ಲ ಗೊತ್ತಾಗುತ್ತಿತ್ತು. ಮೊದಲು ಹುಬ್ಬು ಗಂಟಾಯಿತು. ಮಗಳು ತೆಳ್ಳಗಾಗಿದ್ದಾಳೆ. ಆಮೇಲೆ ತುಟಿ ಸ್ವಲ್ಪ ತೆರೆಯಿತು, ಮಗುವಿಗೆ ತಿನ್ನಿಸುವವರ ಬಾಯಿ ತಾನಾಗಿ ತೆರೆಯುವ ಹಾಗೆ. "ಇನ್ನೊಂದು," ಎಂದರು. "ಚಟ್ನಿ ಬಿಡಬೇಡ." ಗೋದಾಮಿನ ಬೆಳಕಿಂಡಿಗಳಿಂದ ಹಗುರಾದವರ ಮುಖಗಳು ಒಂದರ ಮೇಲೊಂದು ಇಣುಕಿ, "ಅಜ್ಜಿ, ನಮಗಿಲ್ವಾ ರೊಟ್ಟಿ?" ಎಂದು ಕೂಗತೊಡಗಿದವು. "ಒಂದು ದಿನ ತರ್ತೀನಿ ಸುಮ್ನಿರ್ರಿ," ಎಂದು ಅತ್ತೆ ಹಾಸ್ಟೆಲ್ಲಿನ ದನಿಯಲ್ಲಿ ಗದರಿದರು.

ಗಾಳಿ ಹೇಳಿ ಬರಲಿಲ್ಲ. ಮಂಡಿಯ ಬಯಲಿನಲ್ಲಿ ಒಂದು ಸುಳಿ ಎದ್ದು, ಹೊಟ್ಟು, ಚೀಲ, ಕಾಗದವನ್ನೆಲ್ಲ ಎತ್ತಿಕೊಂಡು ನಮ್ಮತ್ತ ಬಂತು. ತಳ್ಳುಗಾಡಿ ಉರುಳಿತು. ಹಗ್ಗ ನನ್ನ ಅಂಗೈ ಸುಡುತ್ತಾ ಜಾರಿತು. ಅತ್ತೆ ಗೋದಾಮಿನ ತಗಡಿಗಿಂತ ಮೇಲೆ, ಮರಕ್ಕಿಂತ ಮೇಲೆ ಹೋದರು. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡಿದ್ದೆನೋ ಇಲ್ಲವೋ ಎಂದು ಒಂದು ಕ್ಷಣ ನನಗೇ ನೆನಪಾಗಲಿಲ್ಲ. ಸುತ್ತಿಕೊಂಡಿದ್ದೆ. ಅದು ಬಿಗಿದಾಗ ನನ್ನ ಹಿಮ್ಮಡಿ ನೆಲ ಬಿಟ್ಟಿತು.

"ಲೋ ತಿಪ್ಪೇಶಾ!" ಮೇಲಿನಿಂದ ಕೂಗು ಬಂತು. "ಬಿಡಬೇಡ್ವೋ! ನನ್ನ ಬಿಡಬೇಡ್ವೋ!"

"ಇಲ್ಲ ಕಣತ್ತೆ!" ಎಂದೆ. ಬೇರೇನು ಹೇಳಲಿ? ಬೆರಳ ತುದಿಯಲ್ಲಿ ಓಡುತ್ತಾ ಬಯಲಿನ ಮಧ್ಯಕ್ಕೆ ಹೋಗುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ಸೊಂಟವನ್ನು ತಬ್ಬಿ ಹಿಡಿದರು. ಕುಸುಮ. ಗೇಟು ಹಾರಿ ಬಂದಿದ್ದಳು. ಇಬ್ಬರೂ ಸೇರಿ ಹಗ್ಗವನ್ನು ಕೈಗೆ ಕೈ ಹಾಕಿ ಎಳೆದೆವು. ಕೊನೆಗೆ ಅತ್ತೆಯ ಕಾಲು ಸಿಕ್ಕಿತು, ಪೈಜಾಮ ಸಿಕ್ಕಿತು, ಸೊಂಟ ಸಿಕ್ಕಿತು. ಕುಸುಮ ಅವರನ್ನು ನೆಲಕ್ಕೆ ಒತ್ತಿ ಹಿಡಿದು ಅವರ ಮೇಲೆಯೇ ಮಲಗಿಬಿಟ್ಟಳು. ಗಾಳಿ ನಿಂತ ಮೇಲೂ ಏಳಲಿಲ್ಲ. ಅತ್ತೆ ಒಳ್ಳೆಯ ಕೈಯಿಂದ ಮಗಳ ಬೆನ್ನು ಸವರುತ್ತಾ, "ಎಲುಬು ಕೈಗೆ ಸಿಗ್ತದೆ, ನೋಡು," ಎಂದು ನನಗೆ ದೂರು ಹೇಳಿದರು. ಗೋದಾಮಿನೊಳಗಿನ ನರ್ಸು ಹೊರಗಿನವರನ್ನು ಮುಟ್ಟಬಾರದು ಎಂಬುದು ಮೂವರಿಗೂ ಮರೆತೇಹೋಗಿತ್ತು.

ಕುಸುಮ ಎದ್ದು ಕಣ್ಣೊರೆಸಿಕೊಂಡು ತಿರುಗಿ ಗೇಟು ಹಾರಿ ಒಳಗೆ ಹೋದಳು. ಹೋಗುವಾಗ ಅತ್ತೆಯ ಸೆರಗಿನ ತುದಿಯಲ್ಲೇ ಉಳಿದಿದ್ದ ಡಬ್ಬವನ್ನು ಬಿಚ್ಚಿಕೊಂಡು ಹೋದಳು. ಮನೆಗೆ ಬರುವ ದಾರಿಯುದ್ದಕ್ಕೂ ಟಾರ್ಪಾಲಿನ ಕೆಳಗಿನಿಂದ ಒಂದೇ ಒಂದು ಮಾತು ಬಂತು. "ಅಳಿಯಂದಿರನ್ನ ಲೋ ಅಂದ್ಬಿಟ್ಟೆ. ತಪ್ಪು ತಿಳ್ಕೋಬೇಡಿ."

ಆ ವಾರವೇ ಭಾರ ಬಂತು. ಅತ್ತೆ ಒಗ್ಗರಣೆ ಹಾಕಲು ಮೇಲಿನ ಗೂಡಿನಿಂದ ಸಾಸಿವೆ ತೆಗೆಯುತ್ತಿದ್ದರು. ನಾನು ಹಿತ್ತಲಲ್ಲಿದ್ದೆ. ಧಡ್ಡೆಂದು ಸದ್ದಾಯಿತು. ಓಡಿಬಂದರೆ ನೆಲದ ಹಾಸಿಗೆಯ ಮೇಲೆ ಮಲಗಿದ್ದರು, ಮುಖದ ತುಂಬ ಸಾಸಿವೆ. ಪೆಟ್ಟಾಗಿರಲಿಲ್ಲ. ಬಲಗೈಯಿಂದ ಎಡಗಾಲನ್ನು ಹಿಡಿದು ಎತ್ತಿದರು, ಬಿಟ್ಟರು. ಅದು ಬಿತ್ತು.

"ಬಂತು," ಎಂದರು.

ನಾನು ಅವರನ್ನು ಎತ್ತಿ ಮಂಚಕ್ಕೆ ಹಾಕಿದೆ. ನನ್ನ ಸೊಂಟ ಕಟಕ್ಕೆಂದಿತು. ಅದು ಅವರಿಗೂ ಕೇಳಿಸಿರಬೇಕು. ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಬೇಳೆ ಅರ್ಧ ಬೆಂದು ಒಲೆಯ ಮೇಲಿತ್ತು. ಅದಕ್ಕೆ ನಾನು ಏನೇನೋ ಹಾಕಿ ಸಾರು ಮಾಡಿ ತಂದೆ. ಉಪ್ಪಿಲ್ಲ ಎಂದು ಬೈಯಲಿ ಎಂದು ಬೇಕಂತಲೇ ಉಪ್ಪು ಹಾಕಿರಲಿಲ್ಲ. ಸುಮ್ಮನೆ ಉಂಡರು. ನನಗೆ ಅಂದಿನಷ್ಟು ಬೇಸರ ಯಾವತ್ತೂ ಆಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಭಾರ ಬಂದದ್ದಕ್ಕೆ ಪಾಯಸ ಮಾಡಿ ಹಂಚುತ್ತಿದ್ದರು. ಜುಬೇದಾ ಆಪಾ ಕೂಡ, ಸಾಹೇಬರು ಇಳಿದರು ಎಂದು ಒಂದು ಬಟ್ಟಲು ಕಳಿಸಿದರು. "ನಮ್ಮ ಸ್ಟೇಷನ್ ಬಂತು ಅಂದೆ, ನಂಬಿದ್ರು," ಎಂದರು.

ಪಾಯಸ ನನ್ನ ಬಾಯಿಗೆ ಕಹಿ ಎನಿಸಿತು. ಅದು ಬೇಸರಕ್ಕೆ ಎಂದುಕೊಂಡೆ. ಸಂಜೆ ಮೈ ಬಿಸಿಯಾದಾಗ ಗೊತ್ತಾಯಿತು.

ಈಗ ನಿಜವಾಗಿ ಹೆದರಿದೆ. ನಾನು ಸೂರು ಸೇರಿದರೆ ಅತ್ತೆಗೆ ನೀರು ಕೊಡುವವರಿಲ್ಲ. ಕುಸುಮನಿಗೆ ಫೋನ್ ಮಾಡಿದೆ. ಗೋದಾಮು ತುಂಬಿದೆ, ಇಬ್ಬರನ್ನೂ ಇಲ್ಲಿಗೆ ತರಲು ಜಾಗವಿಲ್ಲ, ತನ್ನನ್ನೂ ಹೊರಗೆ ಬಿಡುವುದಿಲ್ಲ ಎಂದಳು. ಅವಳು ಅಳುತ್ತಿರುವುದು ತಿಳಿಯುತ್ತಿತ್ತು. ಕಿಟಕಿಯಲ್ಲಿ ಊಟ ಇಡುತ್ತೇನೆ ಎಂದು ಆಪಾ ಹೇಳಿದರು. ಅವರ ಮನೆಯಲ್ಲೇ ಸಾಹೇಬರು ಮತ್ತೆ ಬಾಗಿಲು ಹುಡುಕತೊಡಗಿದ್ದರು. ಭಾರ ಇರುವಾಗಲೇ ಎಲ್ಲ ಸಿದ್ಧ ಮಾಡಬೇಕೆಂದು ನಾನು ನೀರಿನ ಬಿಂದಿಗೆ, ಬಟ್ಟೆ, ಬೆಡ್‌ಪ್ಯಾನ್ ಎಲ್ಲವನ್ನೂ ಮಂಚದ ಸುತ್ತ ಜೋಡಿಸಿ, ನನ್ನ ಸೊಂಟದ ಹಗ್ಗವನ್ನು ಗುಂಡುಕಲ್ಲಿಗೆ ಕಟ್ಟಲು ಹೋದೆ. ಜ್ವರದ ಕೈಗೆ ಗಂಟು ನಿಲ್ಲಲಿಲ್ಲ.

ಅತ್ತೆ ಎಷ್ಟೋ ಹೊತ್ತಿನಿಂದ ನೋಡುತ್ತಿದ್ದರು.

"ಹಗ್ಗ ಇಲ್ಲಿ ಕೊಡು ತಿಪ್ಪೇಶ."

"ನಿಮಗ್ಯಾಕತ್ತೆ?"

"ಗುಂಡುಕಲ್ಲು ನಿನ್ನನ್ನ ಹಿಡಿಯುತ್ತೆ, ಎಳೆದು ಇಳಿಸುತ್ತಾ? ನನ್ನ ಕೈಗೆ ಕಟ್ಟು. ಇಷ್ಟು ಭಾರ ಇಟ್ಕೊಂಡು ಸುಮ್ನೆ ಮಲಗಿದ್ದೀನಿ, ಒಂದು ಉಪಯೋಗಕ್ಕಾದ್ರೂ ಬರಲಿ."

ಅವರ ಬಲಗೈಯ ಮಣಿಕಟ್ಟಿಗೆ ಮೆತ್ತಗೆ ಬಟ್ಟೆ ಸುತ್ತಿ ಅದರ ಮೇಲೆ ಹಗ್ಗ ಕಟ್ಟಿದೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ತೊಲೆ ನನ್ನ ಮೂಗಿಗೆ ತಾಗುತ್ತಿತ್ತು. ಕೆಳಗೆ ನೋಡಿ ತೊಲೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಲಾರಿಯ ಕ್ಯಾಬಿನ್ನಿನಿಂದ ಘಾಟಿಯ ಕಣಿವೆ ನೋಡಿದವನು ನಾನು, ನನ್ನ ಮನೆಯ ನೆಲ ಅದಕ್ಕಿಂತ ಆಳವಾಗಿ ಕಂಡಿತು.

"ಎದ್ಯಾ?" ಎಂದರು ಅತ್ತೆ. "ಮೊದಮೊದಲು ಹಂಗೇ. ತೊಲೆ ನೋಡ್ಕೊಂಡಿರು, ನೆಲ ನೋಡಬೇಡ. ಹೂಂ, ಇಳಿಸ್ತೀನಿ ಈಗ, ನೀರು ಕೊಡು ನಂಗೆ."

ಹಗ್ಗವನ್ನು ಕೈಗೆ ಸುತ್ತಿ ಸುತ್ತಿ ಎಳೆದು ನನ್ನನ್ನು ಮಂಚದವರೆಗೆ ಇಳಿಸಿದರು. ನಾನು ಮಂಚದ ಪಟ್ಟಿಗೆ ಕಾಲು ಸಿಕ್ಕಿಸಿಕೊಂಡು ಚೊಂಬು ಹಿಡಿದೆ. ಮಗ್ಗುಲು ಬದಲಾಯಿಸುವುದೇ ಕಷ್ಟವಾಯಿತು. ಹಗುರಾದವನು ದೂಡಿದರೆ ತಾನೇ ಹಿಂದಕ್ಕೆ ಹಾರುತ್ತಾನೆ. ಮೊದಲ ದಿನ ನಾನು ಅತ್ತೆಯನ್ನು ದೂಡಲು ಹೋಗಿ ದೇವರ ಫೋಟೋಗಳ ನಡುವೆ ಬಿದ್ದೆ. ಆಮೇಲೆ ತೊಲೆಗೆ ಮೊಣಕಾಲು ಸಿಕ್ಕಿಸಿ, ತಲೆಕೆಳಗಾಗಿ ಇಳಿಬಿದ್ದು, ಹಾಸಿಗೆಯ ಬಟ್ಟೆ ಹಿಡಿದು ಮೇಲಕ್ಕೆ ಎಳೆಯುವುದನ್ನು ಕಲಿತೆ. ನಾನು ಎಳೆಯುವಾಗ ಅವರೂ ಮಂಚದ ಪಟ್ಟಿ ಹಿಡಿದು ಜಗ್ಗುತ್ತಿದ್ದರು. ಮೂರು ವರ್ಷ ನಾವು ಅವರನ್ನು ಹೊರಳಿಸಿದ್ದೆವು, ಅವರೂ ಜೊತೆಗೆ ಜಗ್ಗಬಹುದು ಎಂದು ಯಾರೂ ಕೇಳಿರಲಿಲ್ಲ. ಅಡುಗೆಯ ಹೊತ್ತಿಗೆ ಅವರು ಮಂಚದಿಂದ ಹಗ್ಗ ಸಡಿಲಿಸಿ ನನ್ನನ್ನು ಒಳಗೆ ಬಿಡುತ್ತಿದ್ದರು. ವಾಸನೆಯ ಮೇಲೇ ಹೇಳುತ್ತಿದ್ದರು, "ಈರುಳ್ಳಿ ಸೀಯ್ತಿದೆ, ಮುಂದಕ್ಕೆ ಹೋಗು. ಹುಳಿ ಜಾಸ್ತಿ ಆಯ್ತು, ಸಾಕು ನಿಲ್ಲಿಸು." ನಿಲ್ಲಿಸದಿದ್ದರೆ ಹಗ್ಗ ಜಗ್ಗುತ್ತಿದ್ದರು. ಎಷ್ಟೋ ಸಲ ಸೌಟು ಹಿಡಿದುಕೊಂಡೇ ನಾನು ಗೋಡೆಯ ಮೇಲಿಂದ ಹಾರಿ ಮಂಚದ ಪಕ್ಕಕ್ಕೆ ಬಂದಿದ್ದೇನೆ.

ಒಮ್ಮೆ ನನಗೆ ನಿದ್ದೆಯಲ್ಲಿ ಬೋರಯ್ಯನ ಕನಸು ಬಿದ್ದು ಬೆವರಿ ಎಚ್ಚರವಾಯಿತು. ಹಗ್ಗ ಮುಟ್ಟಿ ನೋಡಿದೆ, ಬಿಗಿಯಾಗಿತ್ತು. ಕೆಳಗೆ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಹಗ್ಗದಲ್ಲಿ ಆ ಗೊರಕೆಯ ನಡುಕ ಸಣ್ಣಗೆ ಹತ್ತಿ ಬರುತ್ತಿತ್ತು. ಮತ್ತೆ ನಿದ್ದೆ ಹೋದೆ.

ಗೋದಾಮಿನಲ್ಲಿ ಜನ ಕಡಿಮೆಯಾದಾಗ ಒಂದು ಮಧ್ಯಾಹ್ನ ಕುಸುಮನನ್ನು ಬಿಟ್ಟರು. ಬಾಗಿಲು ದೂಡಿಕೊಂಡು ಬಂದವಳು ಬ್ಯಾಗು ಕೆಳಗಿಟ್ಟು, ಮಂಚ ನೋಡಿ, ಸೂರು ನೋಡಿ, ಅಲ್ಲೇ ನಿಂತಳು. ಕಣ್ಣಿನ ಕೆಳಗೆ ಕಪ್ಪು ಬಂದಿತ್ತು. ಮುಖದ ಮೇಲೆ ಮಾಸ್ಕಿನ ಗೆರೆ ಹಾಗೇ ಉಳಿದಿತ್ತು.

"ಬಂದ್ಯಾ?" ಎಂದೆ ಮೇಲಿಂದ.

"ನಿಮ್ಮ ಕಾಲು ಬಲೆಗೆ ತಾಗ್ತಿದೆ, ಸರಿಯಾಗಿ ಇಟ್ಕೊಳ್ಳಿ," ಎಂದಳು ಡ್ಯೂಟಿಯ ದನಿಯಲ್ಲೇ. ಸ್ನಾನ ಮಾಡಿ ಬಂದು ಅವ್ವನ ಬೆನ್ನು ನೋಡಿದಳು, ಹುಣ್ಣಿದ್ದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಮಂಚದ ಪಕ್ಕದಲ್ಲಿ ಕೂತು ಕೈ ಚಾಚಿದಳು.

"ಹಗ್ಗ ಕೊಡವ್ವ. ನಾನು ಹಿಡ್ಕೋತೀನಿ. ನೀನು ಸುಧಾರಿಸ್ಕೋ."

ಅತ್ತೆ ಕೈಯನ್ನು ಎದೆಯ ಹತ್ತಿರ ಎಳೆದುಕೊಂಡರು. "ನೀನು ಮಲಗು ಕುಸುಮ. ಇದು ನನ್ನ ಕೆಲಸ."

"ಅವ್ವಾ..."

"ಮಲಗು ಅಂದೆ."

ಕುಸುಮ ನೆಲದ ಹಾಸಿಗೆಯ ಮೇಲೆ ಒರಗಿದಳು. ಸುಮ್ಮನೆ ಒಂದು ಗಳಿಗೆ ಎಂದು ಒರಗಿದವಳು, ದಿಂಬು ಎಳೆದುಕೊಳ್ಳುವ ಮುಂಚೆಯೇ ನಿದ್ದೆಹೋದಳು. ಅತ್ತೆ ನನ್ನ ಕಡೆ ನೋಡಿ ಅಡುಗೆಮನೆಯತ್ತ ಗಲ್ಲ ಎತ್ತಿದರು. ತುಟಿಯಲ್ಲೇ, ಸದ್ದಿಲ್ಲದೆ, "ರೊಟ್ಟಿಗೆ ನೀರಿಡು" ಎಂದರು. ನಾನು ಜಂತೆ ಹಿಡಿದುಕೊಂಡು ಮೆಲ್ಲಗೆ ಹೊರಟೆ. ಗೋಡೆ ದಾಟುವಾಗ ತಿರುಗಿ ನೋಡಿದೆ. ಅವರು ಮಗಳ ಮೇಲಿಂದ ಕಣ್ಣು ತೆಗೆಯದೆ, ನನಗೆ ಬೇಕಾದಷ್ಟು ಹಗ್ಗವನ್ನು ಬೆರಳುಗಳ ನಡುವಿನಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು.